ಶ್ರೀ ಹದಿನೆಂಟು

ನಮ್ಮ ಸಿದ್ದಲಿಂಗೇಶನ ಪರಿಚಯ ನಿಮಗಿರಲಿಕ್ಕಿಲ್ಲ. ಅದು ನಿಮ್ಮ ದುರದೃಷ್ಟ ಎಂದು ಅವನೇ ಹೇಳುತ್ತಾನೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮಿಬ್ಬರ ಅಂಗಡಿ ಇದೆ. ನಾನು ವೈರು ಜೋಡಿಸುತ್ತೇನೆ, ಅವನು ಬುದ್ಧಿ ಜೋಡಿಸುತ್ತಾನೆ. ಬೆಳಿಗ್ಗೆ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರಿನ ಸಿ ಭಾಷೆಯ ಟ್ಯೂಷನ್ನು. ಮಧ್ಯಾಹ್ನದ ಮೇಲೆ ಅದೇ ಭಾಷೆಯಲ್ಲಿ ಮೋಟಾರು, ಕೂಲರುಗಳಿಗೆ ಅಪ್ಪಣೆ ಕೊಡುವ ಪೆಟ್ಟಿಗೆಗಳ ತಯಾರಿ.

ಅವನ ಹೆಮ್ಮೆ ಎಂದರೆ ಚಿಕ್ಕ ಪ್ರೋಗ್ರಾಂ. ಬೇರೆಯವರು ಒಂದು ಪುಟ ಬರೆಯುವಲ್ಲಿ ಇವನದು ಒಂದೇ ಸಾಲು. ಕೀಬೋರ್ಡಿನಲ್ಲಿ 18 ಒತ್ತಿದರೆ ಯಂತ್ರಕ್ಕೆ ಅದು ಹದಿನೆಂಟಲ್ಲ. ಒಂದು, ಎಂಟು ಎಂಬ ಎರಡು ಅಕ್ಷರ ಅಷ್ಟೇ. ಅದನ್ನು ಸಂಖ್ಯೆಯಾಗಿ ಬದಲಿಸಬೇಕು. ಆ ಕೆಲಸಕ್ಕೆ ಸಿ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ಆಳುಗಳಲ್ಲಿ ಇವನ ನೆಚ್ಚಿನದು atoi. ಕೊಟ್ಟಿದ್ದನ್ನು ತೆಗೆದುಕೊಳ್ಳುತ್ತದೆ, ಸಂಖ್ಯೆ ಕೊಡುತ್ತದೆ, ಎದುರಾಡುವುದಿಲ್ಲ. ಎದುರಾಡದವರೆಂದರೆ ಸಿದ್ದಲಿಂಗೇಶನಿಗೆ ಮೊದಲಿಂದಲೂ ಪ್ರಾಣ.

ಒಂದು ದಿನ ಟ್ಯೂಷನ್ನಿನಲ್ಲಿ ಪಲ್ಲವಿ ಎಂಬ ಹುಡುಗಿ ಕೇಳಿದಳು: "ಸರ್, ಅಂಕಿ ಬದ್ಲು ಯಾರಾರ ಅಕ್ಷರ ಹೊಡದ್ರ?"

"ಅಂಕಿ ಕೇಳಿದ್ರ ಅಕ್ಷರ ಯಾರು ಹೊಡಿತಾರವ್ವ? ನಮ್ ಮಂದಿ ಅಷ್ಟು ದಡ್ಡರಲ್ಲ, ಕುಂದ್ರು."

ಹುಡುಗಿ ಕೂತಳು. ಅಷ್ಟು ಒಳ್ಳೆಯ ಪ್ರಶ್ನೆಗೆ ಅಷ್ಟು ಕೆಟ್ಟ ಉತ್ತರ ಕೊಟ್ಟು ಯಾರೂ ಅಷ್ಟು ಗತ್ತಿನಿಂದ ಚಹಾ ಕುಡಿದದ್ದನ್ನು ನಾನು ಕಂಡಿಲ್ಲ.

ಅದೇ ವಾರ ಕಮಲಾಪುರದ ಬಾಳೆ ವ್ಯಾಪಾರಿ ಉಜ್ಜಿನಪ್ಪನವರ ಹಣ್ಣು ಮಾಗಿಸುವ ಕೋಣೆಗೆ ನಮ್ಮ ಪೆಟ್ಟಿಗೆ ಹೋಯಿತು. ಹಾಗೆ ನೋಡಿದರೆ ಪೆಟ್ಟಿಗೆ ಬೇಕಾಗಿದ್ದದ್ದು ಉಜ್ಜಿನಪ್ಪನವರಿಗಲ್ಲ, ಅವರ ಹೆಂಡತಿ ಸಂಗಮ್ಮನಿಗೆ. ಅಲ್ಲಿಯವರೆಗೆ ಅವರ ಕಾಯಿ ಹಣ್ಣಾಗುತ್ತಿದ್ದದ್ದು ಕಾರ್ಬೈಡ್ ಪುಡಿಯಿಂದ. ಆ ಪುಡಿಯನ್ನು ಪೇಪರಿನ ತುಂಡಿನಲ್ಲಿ ಪೊಟ್ಟಣ ಕಟ್ಟಿ ಗೊನೆಗಳ ನಡುವೆ ಇಡುವ ಕೆಲಸ ಸಂಗಮ್ಮನದು. ಆಕೆಯ ಅಂಗೈ ಸುಟ್ಟು ಸೀಳಿತ್ತು. ನನಗೆ ಚಹಾ ಕೊಡುವಾಗ ಲೋಟವನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು.

"ಒಂದ್ ಲೋಡು ನೋಡ್ತೀನಿ. ಚಲೋ ಹಣ್ಣಾದ್ರ ಪೆಟಗಿ ಇರ್ಲಿ, ಇಲ್ಲಾಂದ್ರ ಮತ್ತ ಕಾರ್ಬೈಡೇ," ಎಂದರು ಉಜ್ಜಿನಪ್ಪ.

ಸಂಗಮ್ಮ ಮೂಲೆಯ ಕಡೆ ನೋಡಿದರು. ಅಲ್ಲಿ ಪೊಟ್ಟಣಕ್ಕೆಂದು ಕತ್ತರಿಸಿಟ್ಟ ಪೇಪರಿನ ಗುಡ್ಡೆ ಹಾಗೇ ಇತ್ತು.

ಗೊನೆ ತುಂಬಿ, ಕಾರ್ಬೈಡಿನ ಬದಲು ಹಣ್ಣು ಮಾಗಿಸುವ ಗ್ಯಾಸ್ ಬಿಟ್ಟೆವು; ಕೋಣೆಯನ್ನು ಹದಿನೆಂಟು ಡಿಗ್ರಿಯಲ್ಲಿ ನಿಲ್ಲಿಸುವುದು ಪೆಟ್ಟಿಗೆಯ ಕೆಲಸ. "ಎಷ್ಟು ಡಿಗ್ರಿ ಬೇಕೋ ಹೊಡ್ದು ಎಂಟರ್ ಒತ್ರಿ. ಬಾಗ್ಲು ಮಾತ್ರ ತೆಗಿಬ್ಯಾಡ್ರಿ, ಗ್ಯಾಸ್ ಹೋಗ್ತದ," ಎಂದು ಹೇಳಿ ಸಿದ್ದಲಿಂಗೇಶ ನನ್ನೊಡನೆ ಬಸ್ಸು ಹತ್ತಿದ. ಉಜ್ಜಿನಪ್ಪನವರು ಕೈಕಾಲು ತೊಳೆದು, ವಿಭೂತಿ ಹಚ್ಚಿ ಬಂದು, ಹುಟ್ಟಿದಾಗಿನಿಂದ ಏನು ಬರೆದರೂ ಮೊದಲು ಬರೆಯುವುದನ್ನೇ ಮೊದಲು ಹೊಡೆದರು. SHRI 18. ಕೀಬೋರ್ಡು ಇಂಗ್ಲಿಷಿನದು, ದೇವರಿಗೆ ಭಾಷೆಯ ತಕರಾರಿಲ್ಲ.

atoi ಮೊದಲ ಅಕ್ಷರ ನೋಡಿತು. ಅದು ಅಂಕಿಯಲ್ಲ. ಸೊನ್ನೆ ಕೊಟ್ಟು ಕೈತೊಳೆದುಕೊಂಡಿತು. ಹೊಡೆದದ್ದು ಸೊನ್ನೆಯೋ, ಸುಡುಗಾಡೋ ಎಂದು ತಿಳಿಸುವ ಅಭ್ಯಾಸ ಅದಕ್ಕಿಲ್ಲ. ಪರದೆಯ ಮೇಲೆ ಮಾತ್ರ SHRI 18 ಎಂದೇ ಇತ್ತು. ಒಳಗೆ ಕೂಲರು ಸೊನ್ನೆ ಡಿಗ್ರಿ ಮುಟ್ಟಲು ಶ್ರದ್ಧೆಯಿಂದ ದುಡಿಯಿತು.

ಬಾಗಿಲು ತೆರೆದಾಗ ಕಾಯಿಗಳೆಲ್ಲ ಚಳಿಗೆ ಮಸಿ ಬಡಿದಂತೆ ಕಪ್ಪಾಗಿ ನಿಂತಿದ್ದವು. ಸುದ್ದಿ ಕೇಳಿ ನಾವು ಓಡಿ ಹೋಗಿ ನೋಡುವಾಗ ಉಜ್ಜಿನಪ್ಪನವರ ಕೈಯಲ್ಲಿ ಪೆಟ್ಟಿಗೆ ಕಳಚಲು ಸ್ಕ್ರೂಡ್ರೈವರ್ ಇತ್ತು.

ಪರದೆ ನೋಡಿದ್ದೇ ಸಿದ್ದಲಿಂಗೇಶನಿಗೆ ಜೀವ ಬಂತು. "ನೋಡ್ರಿ! ತಪ್ಪು ನಿಮ್ದು. ಅಂಕಿ ಜಾಗದಾಗ ಶ್ರೀ ಯಾಕ ಹೊಡದ್ರಿ?"

"ಶ್ರೀ ಬರೀದು ತಪ್ಪೇನು? ಶ್ರೀ ಇಲ್ದ ನಾ ಒಂದ್ ಅಕ್ಷರ ಬರಿಯಂಗಿಲ್ಲ. ಪೆಟಗಿ ತಗೊಂಡ್ ನಡ್ರಿ."

"ನನ್ ಪ್ರೋಗ್ರಾಂ ಸರಿ ಅದ," ಎಂದ ಇವನು. ಸಾಬೀತು ಮಾಡಲು ಲ್ಯಾಪ್‌ಟಾಪ್ ತೆರೆದ. ಪರದೆ ಹೊತ್ತಿಕೊಂಡಿತು. ನನಗೆ ಸಿಟ್ಟು, ನಗು ಎರಡೂ ಒಟ್ಟಿಗೆ ಬಂದವು.

"ಲೇ ಸಿದ್ದ, ಮೊದಲನೇ ಸಾಲು ಓದು."

ಅಲ್ಲಿ, ಎರಡು ಓರೆಗೆರೆಗಳ ಪಕ್ಕದಲ್ಲಿ, ಯಂತ್ರ ಓದದೆ ದಾಟುವ ಟಿಪ್ಪಣಿಯಾಗಿ, ಅವನು ಬರೆಯುವ ಎಲ್ಲ ಪ್ರೋಗ್ರಾಮುಗಳ ನೆತ್ತಿಯ ಮೇಲೂ ಇರುವಂತೆ, "ಶ್ರೀ" ಎಂದಿತ್ತು.

"ಯಂತ್ರ ನಿನ್ ಶ್ರೀ ದಾಟಿ ಮುಂದ ಓದ್ತದ. ಅವರ ಶ್ರೀಗೆ ಮಾತ್ರ ಲೋಡೆಲ್ಲ ಕಪ್ಪು ಮಾಡ್ತದ. ಭಾಳ ಶಾಣ್ಯಾ ಪೆಟಗಿ!" ಎಂದೆ.

ಸಂಗಮ್ಮ ಬಾಗಿಲಲ್ಲಿ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದರು. ಸಿದ್ದಲಿಂಗೇಶ ಅದನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ವಾದ ಬಿಟ್ಟು ಕೈ ಮುಗಿದ. ಉಜ್ಜಿನಪ್ಪನವರನ್ನು ಇನ್ನೊಂದೇ ಲೋಡು ಕೇಳಿಕೊಂಡು, ಅಲ್ಲೇ ಗೋಣಿಚೀಲದ ಮೇಲೆ ಕೂತ.

atoiಯನ್ನು ಕೆಲಸದಿಂದ ತೆಗೆದ. ಅದರ ಜಾಗಕ್ಕೆ strtol ಬಂತು. ಇದು ಸಂಖ್ಯೆಯನ್ನೂ ಕೊಡುತ್ತದೆ, ಎಲ್ಲಿಯವರೆಗೆ ಓದಿದೆ ಎಂದು ಬೆರಳಿಟ್ಟೂ ತೋರಿಸುತ್ತದೆ. ಬೆರಳು ಶುರುವಿನಲ್ಲೇ ನಿಂತರೆ ಸಂಖ್ಯೆಯೇ ಸಿಕ್ಕಿಲ್ಲ. ನಡುವೆ ನಿಂತರೆ ಮುಂದೆ ಏನೋ ಉಳಿದಿದೆ. ಹಿಡಿಸಲಾರದಷ್ಟು ದೊಡ್ಡ ಸಂಖ್ಯೆಯಾದರೆ errno ಎಂಬಲ್ಲಿ ದೂರು ಬರೆದಿಡುತ್ತದೆ. ಹಳೆಯ ದೂರು ದಾರಿ ತಪ್ಪಿಸದಂತೆ ಆ ಜಾಗವನ್ನು ಮೊದಲೇ ಸೊನ್ನೆ ಮಾಡಿಟ್ಟುಕೊಳ್ಳಬೇಕು. ಎಲ್ಲ ಸರಿಯಿದ್ದರೂ ಬಾಳೆಗೆ ಒಗ್ಗದ ಡಿಗ್ರಿಯನ್ನು ಪೆಟ್ಟಿಗೆ ಒಪ್ಪಬಾರದು. ಒಂದು ಸಾಲು ಪುಟವಾಯಿತು. ಶುರುವಿನ SHRI ಕಂಡರೆ ಮರ್ಯಾದೆಯಿಂದ ದಾಟುವ ಸಾಲನ್ನೂ ಸೇರಿಸಿದ.

ಹೊಸ ಲೋಡು ತುಂಬಿತು. ಉಜ್ಜಿನಪ್ಪನವರು ಹೊಡೆದರು: SHRI 18 SHUBHAM. ಪೆಟ್ಟಿಗೆ ಕುಂಯ್ ಎಂದು, 18ರ ಮುಂದೆ ಏನೋ ಉಳಿದಿದೆ, ಮತ್ತೆ ಬರೆಯಿರಿ ಎಂದಿತು.

"ಈಗ ಬಾಯಿ ಬಂತು ನೋಡು ಇದಕ," ಎಂದು ಅವರು ಖುಷಿಯಾಗಿ ಶುಭಂ ಅಳಿಸಿದರು.

ಬಾಗಿಲು ತೆರೆದ ದಿನ ಕೋಣೆಯ ತುಂಬ ಹಳದಿ. ಉಜ್ಜಿನಪ್ಪನವರು ಹಣ್ಣು ಸುಲಿದು ಸಿದ್ದಲಿಂಗೇಶನ ಬಾಯಿಗಿಟ್ಟರು. ಅವನು ಎಂದಿನ ಭಾಷಣ ಶುರುಮಾಡಿದ. ಸಂಗಮ್ಮ ಕೇಳಿಸಿಕೊಳ್ಳಲೂ ಇಲ್ಲ, ಹಣ್ಣು ಮುಟ್ಟಲೂ ಇಲ್ಲ. ಮೂಲೆಯಲ್ಲಿದ್ದ ಪೊಟ್ಟಣದ ಪೇಪರಿನ ಗುಡ್ಡೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಹೋಗಿ ನೀರೊಲೆಗೆ ಹಾಕಿದರು.