ಬಚ್ಚಲ ಕಿಂಡಿಗೆ ಗಾಜು

ಹಸಿ ಸೌದೆಯ ಹೊಗೆಗೆ ಒಂದು ಹುಳಿ ವಾಸನೆ ಇರುತ್ತದೆ. ಹೋದ ಭಾನುವಾರ ಪದ್ಮನಾಭನಗರದ ನಮ್ಮ ರಸ್ತೆಯ ತಿರುವಿನಲ್ಲೇ ಅದು ಮೂಗಿಗೆ ಬಡಿಯಿತು. ಅಲ್ಲೊಂದು ಹೊಸ ಹೋಟೆಲು ಶುರುವಾಗಿದೆ, ‘ಸೌದೆ ಒಲೆ ಊಟ’ ಅಂತ ಆಳೆತ್ತರದ ಬೋರ್ಡು ಬೇರೆ. ಗಿರಾಕಿಗಳಿಗೆ ಕಾಣಲಿ ಅಂತ ಒಲೆಯನ್ನು ಬಾಗಿಲಲ್ಲೇ ಹೂಡಿದ್ದಾರೆ. ಅದರ ಬಾಯಿಗೆ ಸೌದೆಯನ್ನು ಗಂಟಲಮಟ್ಟ ತುರುಕಿದ್ದಾರೆ, ಗಾಳಿ ಹೋಗಲು ಬೆರಳಷ್ಟು ಜಾಗವಿಲ್ಲ. ಅಡುಗೆಯ ಹೆಂಗಸು ಕಣ್ಣೊರೆಸಿಕೊಂಡು ಊದುತ್ತಿದ್ದಾಳೆ, ಎದುರಿಗೆ ನಿಂತವರು ಸಖತ್ತಾಗಿದೆ ಅಂತ ಫೋಟೋ ತೆಗೆಯುತ್ತಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು. ಊಟ ಮಾಡದೆ ಮನೆಗೆ ಬಂದೆ. ದಾರಿಯುದ್ದಕ್ಕೂ ಚಿಕ್ಕಲಸಂದ್ರದ ನಮ್ಮ ಓನರ್ ಅಜ್ಜಿಯೇ ಕಣ್ಣ ಮುಂದೆ...

ಆಗ ನಾನು ಸ್ಕೂಲಿನಲ್ಲಿ ಟೀಚರ್. ಮಗಳು ಒಂದನೇ ಕ್ಲಾಸು. ನಾವು ಮಹಡಿಯಲ್ಲಿ ಬಾಡಿಗೆಗಿದ್ದೆವು, ಕೆಳಗೆ ಅಜ್ಜಿ, ಅವರ ಮಗ, ಸೊಸೆ. ಅವರದು ಅಲ್ಲಿನ ಹಳೇ ಮನೆತನ. ರಾಗಿ, ಅವರೆ ಬೆಳೆಯುತ್ತಿದ್ದ ಹೊಲವೆಲ್ಲ ಸೈಟಾಗಿ, ಮಗ ಮೂರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಮನೆಯೊಳಗೆ ಗೀಸರ್ ಬಂದಿತ್ತು. ಆದರೆ ಹಿತ್ತಲ ಬಚ್ಚಲು, ಅದರ ಒಲೆ, ಒಲೆಯ ಮೇಲೆ ಹೂತಿದ್ದ ತಾಮ್ರದ ಹಂಡೆ ಮಾತ್ರ ಅಜ್ಜಿಯ ಸುಪರ್ದಿಯಲ್ಲಿದ್ದವು. ಗೀಸರ್ ನೀರು ಮೈಗೇ ಹತ್ತುವುದಿಲ್ಲ ಎಂಬುದು ಅವರ ವಾದ.

ಆ ಒಲೆಯನ್ನು ಅವರು ಹಚ್ಚುವುದನ್ನು ನೋಡಬೇಕಿತ್ತು. ಸೌದೆಯನ್ನು ಬೇಸಿಗೆಯಲ್ಲೇ ಸೀಳಿಸಿ ಶೀಟಿನ ಕೆಳಗೆ ಒಟ್ಟಿಸುತ್ತಿದ್ದರು. ಉರಿಸುವ ಮೊದಲು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯುತ್ತಿದ್ದರು. ಟಣ್ ಎಂದರೆ ಒಲೆಗೆ, ಮೆತ್ತಗೆ ಸದ್ದಾದರೆ ಮತ್ತೆ ಬಿಸಿಲಿಗೆ. ಎರಡು ಮೂರು ಸೀಳು, ಅಷ್ಟೇ. ಕೆಳಗೆ ತೆಂಗಿನ ನಾರು, ಒಂದು ಚಿಪ್ಪು, ಒಂದೇ ಕಡ್ಡಿ ಬೆಂಕಿ. ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡೇ ಕೂರುತ್ತಿದ್ದರು. ಅಮಾವಾಸ್ಯೆ ಬಂತೆಂದರೆ ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಹೊಗೆ ಕೊಳವೆಯೊಳಗೆ ಇಳಿಸಿ ಮಸಿ ತೆಗೆಸುತ್ತಿದ್ದರು. ನಾನೊಮ್ಮೆ ಸಹಾಯ ಮಾಡುತ್ತೇನೆಂದು ಹೋಗಿ ಒಲೆ ತುಂಬ ಸೌದೆ ಇಟ್ಟೆ.

“ಒಲೆಗೂ ಉಸ್ರು ಬೇಕು ಕಣವ್ವ” ಅಂದರು. “ಬಾಯ್ತುಂಬ ತುರುಕುದ್ರೆ ಅದಾದ್ರೂ ಏನ್ ಮಾಡ್ತದೆ, ಕೆಮ್ತದೆ.”

ಮನೆ ಕಟ್ಟಿ ಉಳಿದ ಸೆಂಟ್ರಿಂಗ್ ಹಲಗೆ, ಪೇಂಟು ಬಳಿದ ಹಳೇ ಕಿಟಕಿಯ ಚೂರು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಬೇರೆಯವರಾಗಿದ್ದರೆ ಅದನ್ನೇ ಒಲೆಗೆ ಹಾಕಿ ವರ್ಷ ದೂಡುತ್ತಿದ್ದರು. ಅಜ್ಜಿ ಅದರಲ್ಲಿ ಒಂದು ಚೂರನ್ನೂ ಮುಟ್ಟಲಿಲ್ಲ, ಬಣ್ಣ ಉರಿದರೆ ವಿಷ ಅನ್ನುತ್ತಿದ್ದರು. ಭಾನುವಾರ ನನ್ನ ಮಗಳಿಗೂ ಅಲ್ಲೇ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಹೊರಗೆ ಬರುವಾಗ ಅವಳ ಕೆನ್ನೆ ಕೆಂಪಗಾಗಿರುತ್ತಿತ್ತು.

ಇಷ್ಟೆಲ್ಲ ಚೆನ್ನಾಗಿತ್ತಲ್ಲ, ಆಮೇಲೇನಾಯಿತು? ಕೆಡಿಸಿದ್ದು ನಾನೇ. ಕೊಳವೆಯ ತುದಿ ನಾವು ಬಟ್ಟೆ ಒಣಗಿಸುವ ತಂತಿಯ ಪಕ್ಕಕ್ಕೇ ಬರುತ್ತಿತ್ತು. ಒಲೆ ಹಚ್ಚುವಾಗಿನ ಹೊಗೆ ಬಚ್ಚಲ ಮೇಲಿನ ಕಿಂಡಿಯಿಂದ ನುಸುಳಿ ನಮ್ಮ ಅಡುಗೆಮನೆ ಕಿಟಕಿಗೆ ಬರುತ್ತಿತ್ತು. ಮಗಳ ಬಿಳಿ ಯೂನಿಫಾರ್ಮಿನ ಮೇಲೆ ಎಳ್ಳಿನಷ್ಟು ಮಸಿ ಬಿದ್ದರೂ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಒಂದು ದಿನ ಅಜ್ಜಿಯ ಮಗನನ್ನು ಮೆಟ್ಟಿಲ ಹತ್ತಿರವೇ ಹಿಡಿದು, “ಏನಾದ್ರೂ ಮಾಡಿ, ಆ ಕಿಂಡಿ ಮುಚ್ಚಿಸಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೋತೀವಿ” ಅಂದುಬಿಟ್ಟೆ.

ಆ ಮನುಷ್ಯ ಮಾರನೇ ದಿನವೇ ಗಾರೆಯವನನ್ನು ಕರೆಸಿದರು. ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಏರಿಸಬೇಕಿತ್ತು. ಅದು ಬಿಟ್ಟು ಅರ್ಧಕ್ಕೇ ಕತ್ತರಿಸಿ, ಬಗ್ಗಿಸಿ, ಕಾಂಪೌಂಡಿನ ಕಡೆಗೆ ತಿರುಗಿಸಿದರು. ಕಿಂಡಿಗೆ ಗಾಜು ಕೂರಿಸಿ ಸುತ್ತ ಸಿಮೆಂಟು ಮೆತ್ತಿಸಿದರು. ಅಜ್ಜಿ ಬೇಡವೆಂದು ಗೋಗರೆದರು. ಮಗ ಕೇಳದಿದ್ದಾಗ ನನ್ನ ಹತ್ತಿರ ಬಂದರು.

“ಕೊಳವೆ ಮ್ಯಾಕೆ ಏರ್ಸು ಅಂತ ನೀನಾರ ಹೇಳು ಟೀಚರಮ್ಮ. ನನ್ ಮಾತು ಕಿವಿಗೇ ಹಾಕ್ಕಳಾಕಿಲ್ಲ.”

ಬಾಡಿಗೆಯವರ ಮಾತಿಗೆ ಇದ್ದ ಬೆಲೆ ಹೆತ್ತ ತಾಯಿಯ ಮಾತಿಗೆ ಇರಲಿಲ್ಲ, ನೋಡಿ. ನಾನೇನಂದೆ? “ಅದು ನಿಮ್ಮನೆ ವಿಷಯ ಅಜ್ಜಿ, ನಂಗೆ ಸ್ಕೂಲಿಗೆ ಲೇಟಾಯ್ತು” ಅಂದೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ.

ಅಂದಿನಿಂದ ಅವರು ನನ್ನ ಮಗಳಿಗೆ ಬಚ್ಚಲಲ್ಲಿ ನೀರು ಹಾಕುವುದನ್ನು ನಿಲ್ಲಿಸಿದರು. “ಬ್ಯಾಡ, ಮ್ಯಾಲೇ ಮಾಡ್ಸು” ಅಂದರು. ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಲಿ ಬಿಡು ಅಂದುಕೊಂಡೆ. ಎಂಥಾ ದಡ್ಡಿ ನಾನು! ತಾವು ಮಾತ್ರ ಹಟ ಬಿಡದೆ, ಬಾಗಿಲು ಓರೆ ಮಾಡಿಕೊಂಡು ಅಲ್ಲೇ ಸ್ನಾನ ಮಾಡುತ್ತಿದ್ದರು.

ಆಮೇಲೊಂದು ಬೆಳಿಗ್ಗೆ... ಶನಿವಾರವಿರಬೇಕು, ನಾನು ಮನೆಯಲ್ಲೇ ಇದ್ದೆ. ಹಿತ್ತಲಲ್ಲಿ ಪೇಂಟಿನವರು ಕೆಲಸ ಮಾಡುತ್ತಿದ್ದರು. ಗಂಡಸರಿದ್ದಾರೆಂದು ಅಜ್ಜಿ ಅವತ್ತು ಚಿಲಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಚೊಂಬು ಬಿದ್ದ ಸದ್ದು ಕೇಳಿಸಿತು, ಆಮೇಲೆ ನೀರಿನ ಸದ್ದೇ ಇಲ್ಲ. ನಾನು ಮೇಲಿನಿಂದ ಕೂಗಿದೆ. ಮಗ ಓಡಿಬಂದು ಬಾಗಿಲು ಒದ್ದು ಮುರಿದರು. ಒಳಗೆ ಹೊಗೆ ಅಷ್ಟೇನೂ ಇರಲಿಲ್ಲ. ಹಂಡೆಯ ಕೆಳಗೆ ಕೆಂಡ ಕೆಂಪಗಿತ್ತು, ಅಜ್ಜಿ ಗೋಡೆಗೆ ಒರಗಿ ಕುಸಿದಿದ್ದರು. ಸೀರೆ ಹೊದಿಸಿ ಹೊರಗೆ ಎಳೆದು ಮಲಗಿಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೆಂಡದ ವಿಷಗಾಳಿ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು.

ಬದುಕಿ ಮನೆಗೆ ಬಂದರು. ಆದರೆ ಅಷ್ಟರಲ್ಲಿ ಬೀದಿಯಲ್ಲೆಲ್ಲ ಒಂದೇ ಮಾತು: ಅಜ್ಜಿಗೆ ಅರಳು ಮರಳು, ಕೆಂಡ ತೆಗೆಯುವುದನ್ನೇ ಮರೆತಿದ್ದಾರೆ. ಮಗನೇ ಹಾಗೆ ಹೇಳುತ್ತಿದ್ದರು. ಶುದ್ಧ ಸುಳ್ಳು! ಆ ಮನೆಯಲ್ಲಿ ಯಾರೂ ಯಾವತ್ತೂ ಕೆಂಡ ತೆಗೆದು ಸ್ನಾನ ಮಾಡಿದವರಲ್ಲ. ಅಷ್ಟು ವರ್ಷ ಕಾಪಾಡಿದ್ದು ಆ ಕೊಳವೆ, ಆ ಕಿಂಡಿ. ಅದನ್ನು ಮುಚ್ಚಿದವರು ತಪ್ಪಿಸಿಕೊಂಡರು, ಬೆಂಕಿಯನ್ನು ಜೀವನವೆಲ್ಲ ಹದ್ದುಬಸ್ತಿನಲ್ಲಿಟ್ಟವರಿಗೆ ಮರೆವಿನ ಪಟ್ಟ ಕಟ್ಟಿದರು. ಒಲೆ ಕಿತ್ತುಹಾಕಿದರು. ಸೊಸೆ ಅಜ್ಜಿಯನ್ನು ಗ್ಯಾಸಿನ ಹತ್ತಿರವೂ ಬಿಡಲಿಲ್ಲ. ಒಂದು ಲೋಟ ಕಾಫಿ ಬಿಸಿ ಮಾಡಿಕೊಳ್ಳಬೇಕಾದರೂ ಇನ್ನೊಬ್ಬರ ಮುಖ ನೋಡಬೇಕಾಯಿತು. ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನಾನು “ಚೆನ್ನಾಗಿದ್ದೀರಾ ಅಜ್ಜಿ” ಅಂದರೆ “ಊಂ ಕಣವ್ವ” ಅನ್ನುತ್ತಿದ್ದರು. ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಾತು ನನ್ನ ಬುಡಕ್ಕೇ ಬರುತ್ತದೆಂಬ ಭಯ, ಮತ್ತೇನು? ಎರಡು ವರ್ಷ ಹಾಗೇ ಕಳೆದು ನಾವು ಮನೆ ಖಾಲಿ ಮಾಡಿದೆವು. ಅಜ್ಜಿ ತೀರಿಕೊಂಡ ಸುದ್ದಿ ಆಮೇಲೆ ಯಾವಾಗಲೋ ಬಂತು...

ಹೋಟೆಲಿನ ಮುಂದೆ ಹತ್ತಿದ ಸಿಟ್ಟು ಮೂರು ದಿನವಾದರೂ ಇಳಿಯಲಿಲ್ಲ. ಬುಧವಾರ ಸಂಜೆ ಆಟೋ ಹಿಡಿದು ಚಿಕ್ಕಲಸಂದ್ರಕ್ಕೆ ಹೋದೆ. ಮಗನಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು, ಕೂರಿಸಿ, ಕಾಫಿ ಕೊಡಿಸಿದರು. ಅಜ್ಜಿಯ ಮಾತೆತ್ತಿದೆ. ಅವರು ಹಳೇ ರಾಗವನ್ನೇ ಎಳೆದರು: “ಅಮ್ಮಂಗೆ ಕೊನೆಗೊನೆಗೆ ಮರೆವು ಜಾಸ್ತಿ ಆಗಿತ್ತು ಟೀಚರ್...”

ನಾನು ಲೋಟ ಕೆಳಗಿಟ್ಟೆ. “ಸುಳ್ಳು ಹೇಳ್ಬೇಡಿ. ಅವರಿಗೇನೂ ಮರೆವಿರಲಿಲ್ಲ. ಕಿಂಡಿ ಮುಚ್ಚಿದ್ದು ನೀವು. ಮುಚ್ಚಿಸಿ ಅಂದಿದ್ದು ನಾನು.”

ಅವರು ಎದ್ದು ಒಳಗಿನ ಬಾಗಿಲು ಮುಂದೆ ಮಾಡಿ ಬಂದು ಕೂತರು. ಆಮೇಲೆ ಹೇಳಿದರು: “ಗೊತ್ತು ಟೀಚರ್. ಆಸ್ಪತ್ರೇಲಿ ಕಣ್ಣು ಬಿಟ್ಟ ತಕ್ಷಣ ಅಮ್ಮನೇ ಕೈ ಹಿಡ್ಕೊಂಡು ಅಂದ್ಲು. ‘ಕೆಂಡ ತೆಗ್ಯಾದ್ನ ನಾನೇ ಮರ್ತೆ ಅನ್ನು. ಟೀಚರಮ್ಮನ ಹೆಸ್ರು ಎತ್ಬ್ಯಾಡ. ಬೀದಿಯೋರು ಆಡ್ಕಂಡ್ರೆ ಎಳೇ ಮಗು ಕಟ್ಕಂಡು ಅವಳು ಎಲ್ಲಿಗೋಗ್ತಾಳೆ?’ ಅಂತ. ನಂಗೂ ಅದೇ ಅನುಕೂಲ ಆಯ್ತು, ಸುಮ್ಮನಾಗ್ಬಿಟ್ಟೆ.”

ವಾಪಸ್ಸು ಬರುವಾಗ ಆಟೋದಲ್ಲಿ ಕೂತು ಅತ್ತೆ. ಅಳುವಿಗಿಂತ ಹೆಚ್ಚಾಗಿ ಸಿಟ್ಟು, ಈಗ ಆ ಅಜ್ಜಿಯ ಮೇಲೆಯೇ. ಯಾರು ಕೇಳಿದ್ದರು ಇವರನ್ನು? ನನ್ನ ಮರ್ಯಾದೆ ಉಳಿಸಲು ತಮ್ಮದನ್ನು ಯಾಕೆ ಕೊಡಬೇಕಿತ್ತು? ಜಗಲಿಯ ಮೇಲೆ ಕೂತಿದ್ದಾಗ, ನಾನು ಹಲ್ಲು ಕಿರಿದುಕೊಂಡು ಚೆನ್ನಾಗಿದ್ದೀರಾ ಅಂದಾಗ, ನಾಲ್ಕು ಜನರೆದುರು ಉಗಿದಿದ್ದರೂ ಸರಿಯಿತ್ತು. ಈಗ ಉಗಿಸಿಕೊಳ್ಳೋಣವೆಂದರೆ ಅವರಿಲ್ಲ.