ಹೆಸರಿನಲ್ಲಿ ಉಳಿದ ಮನೆ

ತೆರಿಗೆ ಬಾಕಿಯ ವಸೂಲಿಗೆಂದು ಮನೆಬಾಗಿಲಿಗೆ ಬಂದ ಮನುಷ್ಯನನ್ನು ನಾನು ಜೀವನದಲ್ಲಿ ನೋಡಿದ್ದು ಒಂದೇ ಸಲ, ಅದೂ ತೆರಿಗೆಯೇ ಇಲ್ಲವೆಂದು ನಂಬಿ ಬಂದಿದ್ದ ದುಬೈಯಲ್ಲಿ. ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ತೆರಿಗೆಯ ಪರವಾಗಿಯೂ ಮಾತನಾಡಿದ್ದೆ, ವಿರುದ್ಧವಾಗಿಯೂ ಮಾತನಾಡಿದ್ದೆ. ಎರಡಕ್ಕೂ ಬಹುಮಾನ ಬಂದಿತ್ತು. ಆದರೆ ತೆರಿಗೆಗೆ ಒಂದು ಮುಖವಿರುತ್ತದೆ, ಅದು ಕರೆಗಂಟೆ ಒತ್ತಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಕಾಯುತ್ತದೆ ಎಂದು ಯಾವ ತೀರ್ಪುಗಾರರೂ ಹೇಳಿರಲಿಲ್ಲ.

ಅದು ಎರಡು ಸಾವಿರದ ಹತ್ತರ ದಶಕದ ನಡುವಿನ ಕಾಲ. ನಾನು ಊದ್ ಮೇಥಾದ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಗಂಡ ರುವೈಸ್‌ನ ತೈಲ ಸ್ಥಾವರದಲ್ಲಿದ್ದರು, ಅಲ್ಲಿ ಆಗ ವಾರಾಂತ್ಯವಾಗಿದ್ದ ಶುಕ್ರ, ಶನಿವಾರಗಳಿಗೆ ಬರುತ್ತಿದ್ದರು. ಬಾಡಿಗೆ ಹಗುರಾಗಲೆಂದು ಇನ್ನೊಂದು ಕೋಣೆಯನ್ನು ಉಡುಪಿ ಕಡೆಯ ಒಬ್ಬ ಕೊಂಕಣಿ ಕ್ರೈಸ್ತ ಮಹಿಳೆಗೆ ಕೊಟ್ಟಿದ್ದೆವು. ಅವರು ಒಂದು ಹೋಟೆಲಿನಲ್ಲಿ ಹಾಸಿಗೆ ಹೊದಿಕೆಗಳ ವಿಭಾಗ ನೋಡಿಕೊಳ್ಳುತ್ತಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ಅವರನ್ನು ‘ಅಕ್ಕಾರ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಟೀಚರ್’ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಊರಿನಲ್ಲಿ ಮಗಳನ್ನು ಓದಿಸಿದವರು. ಆ ಮಗಳ ಮದುವೆ ಗೊತ್ತಾಗಿತ್ತು. ಮುಂದಿನ ಬುಧವಾರದ ವಿಮಾನಕ್ಕೆ ಟಿಕೆಟ್ ಆಗಿತ್ತು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರಕ್ಕೆ ಅಕ್ಕಾರ ಹೊತ್ತಿಗೆ ಸರಿಯಾಗಿ ಮುಟ್ಟುವಂತಿತ್ತು.

ಗುರುವಾರ ಸಂಜೆ ಕರೆಗಂಟೆ ಸದ್ದಾಯಿತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್, ಇಸ್ತ್ರಿ ಮಾಡಿದ ಅಂಗಿಯ ಒಬ್ಬಾತ ನಿಂತಿದ್ದ. ಅಕ್ಕಾರ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನೊಂದಿಗೆ, ಓದಿ ಹೇಳಿ, ಅವರು ಇಲ್ಲೇ ಇದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿದ. ಅಡುಗೆಮನೆಯಲ್ಲಿ ನೀರಿನ ಸದ್ದು ಥಟ್ಟನೆ ನಿಂತಿತು.

“ಯಾಕ್ರಿ?” ಎಂದೆ. ನನಗರಿವಿಲ್ಲದೆ ಕನ್ನಡ ಬಂದಿತ್ತು.

ಅವನ ಮುಖ ಅರಳಿತು. “ಓ, ನಮ್ಮವರೇ! ಅಕ್ಕ, ಇವರ ಹೆಸರಲ್ಲಿ ಕರಾಮಾದಲ್ಲಿ ಒಂದು ಮನೆಯ ಕರೆಂಟ್ ಕನೆಕ್ಷನ್ ಉಂಟು. ಅದರಲ್ಲಿ ಹೌಸಿಂಗ್ ಫೀ ತುಂಬಾ ಬಾಕಿ ಆಗಿದೆ.”

ನಗರಸಭೆಯ ಈ ಶುಲ್ಕ ವರ್ಷದ ಬಾಡಿಗೆಯ ಒಂದು ಪಾಲು. ತಿಂಗಳು ತಿಂಗಳಾಗಿ ಒಡೆದು ಕರೆಂಟು, ನೀರಿನ ಬಿಲ್ಲಿನೊಳಗೆ ಸೇರಿ ಬರುತ್ತಿತ್ತು. ಅದಕ್ಕೆ ತೆರಿಗೆಯೆಂದು ಯಾರೂ ಹೆಸರಿಡದ ಕಾರಣ ನಾನೂ ಅದನ್ನು ತೆರಿಗೆಯೆಂದು ಎಣಿಸಿರಲಿಲ್ಲ. ಆ ಸಂಜೆ ಮಾತ್ರ ನನ್ನೊಳಗಿನ ಹಳೆಯ ಸ್ಪರ್ಧಿ ಎದ್ದು ಕುಳಿತಳು. ಇವನ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯದೆ ಅವನನ್ನು ಕಳಿಸುವ ಮನಸ್ಸಾಗಲಿಲ್ಲ.

“ಈಗ ನೀವು ಒಳಗ ಬಂದು ಸಾಮಾನು ಎತ್ತಿಕೊಂಡು ಹೋಗಬಹುದೇನ್ರಿ?”

“ಎಂತ ಸಾಮಾನು?”

“ಟಿ.ವಿ., ಫ್ರಿಜ್, ಏನಾರ.”

“ನನ್ನ ಸೊಂಟ ಮೊದಲೇ ಹೋಗಿದೆ ಮಾರಾಯ್ರೆ! ಈ ಫ್ರಿಜ್ ಹೊತ್ತುಕೊಂಡು ಹೋದರೆ ನನ್ನನ್ನು ಎತ್ತಿಕೊಂಡು ಹೋಗ್ಲಿಕ್ಕೆ ಇನ್ನೊಬ್ಬರು ಬರಬೇಕು. ನಾನು ಹೇಳುವುದು ಮಾತ್ರ. ಕೇಳಿದರೆ ಒಳ್ಳೆಯದು, ಕೇಳದಿದ್ದರೆ ಫೈಲು ಮುಂದೆ ಹೋಗ್ತದೆ.”

“ಮುಂದ ಅಂದ್ರ ಎಲ್ಲಿಗೆ?”

“ಅದು ನಮಗೆ ಕಾಣುವುದಿಲ್ಲ ಅಕ್ಕ. ನಮ್ಮದು ಹೊರಗುತ್ತಿಗೆಯ ಕಂಪನಿ.”

ಅಷ್ಟರಲ್ಲಿ ಅಕ್ಕಾರ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬುಧವಾರ ನನ್ನನ್ನು ಏರ್‌ಪೋರ್ಟಲ್ಲಿ ಹಿಡಿಯುತ್ತಾರಾ?”

ಅವನು ಟ್ಯಾಬ್ ನೋಡಿದ, ಮತ್ತೆ ಅವರ ಮುಖ ನೋಡಿದ. “ಹೇಳ್ಲಿಕ್ಕೆ ಆಗುವುದಿಲ್ಲ ಬಾಯಮ್ಮ. ಕೆಲವರು ಆರಾಮಾಗಿ ಹೋಗ್ತಾರೆ. ಕೆಲವರನ್ನು ಕೌಂಟರಿನಲ್ಲಿ ನಿಲ್ಲಿಸ್ತಾರೆ.”

ವಿಷಯ ಇಷ್ಟಿತ್ತು. ಅಕ್ಕಾರ ವರ್ಷಗಳ ಹಿಂದೆ ಕರಾಮಾದ ಮನೆ ಬಿಡುವಾಗ ತಮ್ಮ ಚರ್ಚಿನವರೇ ಆದ ಒಬ್ಬ ನರ್ಸಿಗೆ ಅದನ್ನು ದಾಟಿಸಿದ್ದರು. ಆಗ ನಮ್ಮ ಜನರಲ್ಲಿದ್ದ ವಾಡಿಕೆಯಂತೆ ಕನೆಕ್ಷನ್ನಿನ ಹೆಸರು ಬದಲಾಯಿಸಲಿಲ್ಲ. ಹೊಸಬರು ಠೇವಣಿಯ ಮೊತ್ತವನ್ನು ಹಳಬರ ಕೈಗೆ ಕೊಡುವುದು, ಹೆಸರು ಹಾಗೆಯೇ ಉಳಿಯುವುದು. ಕಚೇರಿಗೆ ಅಲೆಯುವ ಕೆಲಸ ಇಬ್ಬರಿಗೂ ತಪ್ಪುತ್ತಿತ್ತು. ಹೀಗೆ ಎಷ್ಟೋ ಮನೆಗಳ ದೀಪಗಳು ಯಾವಾಗಲೋ ಊರಿಗೆ ಹೋದವರ ಹೆಸರಿನಲ್ಲಿ ಉರಿಯುತ್ತಿದ್ದವು.

“ಹೆಸರಿದ್ದವರ ಮೇಲೆ ಬರೀ ಬಾಕಿ ಅಷ್ಟ ಬರೋದೇನು? ಅವರಿಗೂ ಏನಾರ ಹಕ್ಕು ಇರಬೇಕಲ್ಲ?” ಎಂದು ನಾನು ಅವನನ್ನು ಲಿಫ್ಟಿನವರೆಗೂ ಬೆನ್ನಟ್ಟಿ ಕೇಳಿದೆ.

“ಮುಚ್ಚಿಸುವ ಹಕ್ಕು ಉಂಟಲ್ಲ,” ಎಂದ ಅವನು. “ಒಂದು ಅರ್ಜಿ ಕೊಟ್ಟರೆ ಖಲಾಸ್. ಆ ಮನೆಯ ಕರೆಂಟು ಹೋಗ್ತದೆ.” ಲಿಫ್ಟಿನ ಬಾಗಿಲು ಮುಚ್ಚಿತು.

ಆ ರಾತ್ರಿ ಗಂಡ ರುವೈಸ್‌ನಿಂದ ಬಂದಾಗ ನಾನು ಊಟದ ಮೇಜಿನ ಮೇಲೆ ವಾದ ಹೂಡಿದೆ: ವಾಸವಿಲ್ಲದವರಿಂದ ವಾಸದ ತೆರಿಗೆ ಕೇಳುವುದು ತಪ್ಪು, ಲಿಖಿತವಾಗಿ ಪ್ರತಿಭಟಿಸಬೇಕು, ಇಂಥ ಎಲ್ಲ ಬಾಡಿಗೆದಾರರನ್ನು ಒಟ್ಟುಗೂಡಿಸಿ ತಿಳಿವಳಿಕೆ ಕೊಡಬೇಕು.

ಅಕ್ಕಾರ ಮೀನಿನ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡರು. “ಒಳ್ಳೆಯದೇ ಟೀಚರ್. ಅದೆಲ್ಲ ಆಗುವಾಗ ನನ್ನ ಮಗಳ ಮಗು ಶಾಲೆಗೆ ಹೋಗ್ತಿರ್ತದೆ.”

ಶುಕ್ರವಾರ ಚರ್ಚಿನಲ್ಲಿ ಅಕ್ಕಾರ ಪೂಜೆ ಮುಗಿದ ಮೇಲೆ ನಾವಿಬ್ಬರೂ ಕರಾಮಾಕ್ಕೆ ಹೋದೆವು. ನರ್ಸು ಬಾಗಿಲು ತೆರೆದವಳೇ, ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವಂತೆ ‘ಬಾಯಿ’ ಎನ್ನುತ್ತ, ಅಕ್ಕಾರನ್ನು ಅಪ್ಪಿಕೊಂಡಳು. ಕೋಣೆಯಲ್ಲಿ ಎ.ಸಿ.ಯ ಕೆಳಗೆ ಅವಳ ಅತ್ತೆ ಮಲಗಿದ್ದರು. ಕಾಲಿನ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎದ್ದಿರಲಿಲ್ಲ. ಜ್ಯೂಸ್ ಬಂತು, ಮದುವೆಯ ಸೀರೆಯ ಮಾತು ಬಂತು. ಆಮೇಲೆ ನಾನು ಬಾಕಿಯ ಮಾತು ತೆಗೆದೆ.

“ನಾನು ಕರೆಂಟಿನದು ಒಂದು ತಿಂಗಳೂ ತಪ್ಪಿಸಲಿಲ್ಲ,” ಎಂದಳು ನರ್ಸು. “ಬಿಲ್ಲಿನಲ್ಲಿ ಉರಿಸಿದ್ದಕ್ಕೆ, ಕುಡಿದದ್ದಕ್ಕೆ ಎಷ್ಟೋ ಅಷ್ಟನ್ನು ಕಟ್ಟಿದ್ದೇನೆ. ಹೌಸಿಂಗ್ ಫೀ ಹೆಸರಿದ್ದವರದ್ದಲ್ಲವಾ? ನಾನು ಡೆಪಾಸಿಟು ಬಾಯಿಯ ಕೈಯಲ್ಲೇ ಕೊಟ್ಟಿದ್ದೆ.”

“ನೀನು ಇದ್ದದ್ದಕ್ಕೆ ತೆರಿಗೆ ನಾನು ಕಟ್ಟುವುದಾ? ಚೆನ್ನಾಗಿದೆ!” ಎಂದರು ಅಕ್ಕಾರ.

“ಹಾಗಾದರೆ ಹೆಸರು ಯಾಕೆ ಬಿಟ್ಟು ಹೋದಿರಿ?”

“ನೀನೇ ಅಲ್ಲವಾ ಹೇಳಿದ್ದು, ‘ಬೇಡ ಬಾಯಿ, ಆಫೀಸಿಗೆ ಅಲೆಯಲಿಕ್ಕೆ ರಜೆ ಸಿಗುವುದಿಲ್ಲ’ ಅಂತ?”

ಎರಡು ಕಡೆಯ ವಾದವೂ ನಿಲ್ಲುವಂಥದ್ದೇ ಆಗಿತ್ತು. ಸ್ಪರ್ಧೆಯಲ್ಲಾದರೆ ನಾನು ಯಾವ ಪಕ್ಷವನ್ನು ಕೊಟ್ಟರೂ ಮಾತನಾಡುತ್ತಿದ್ದೆ. ಇಲ್ಲಿ ಪಕ್ಷ ಗೊತ್ತಿತ್ತು, ಬುಧವಾರವೂ ಗೊತ್ತಿತ್ತು. ಹೀಗಾಗಿ ಲಿಫ್ಟಿನ ಬಳಿ ತಿಳಿದದ್ದನ್ನು ಹೇಳಿದೆ: “ಅಕ್ಕಾರ ಒಂದು ಅರ್ಜಿ ಕೊಟ್ಟರ ಈ ಮನಿ ಕರೆಂಟು ಬಂದ್ ಆಗ್ತದರಿ.”

ನರ್ಸು ಅತ್ತೆಯ ಕಡೆ ನೋಡಿದಳು. ಹೊರಗೆ ಜೂನ್ ತಿಂಗಳ ಬೇಗೆ. ಎ.ಸಿ. ಗುನುಗುತ್ತಿತ್ತು. ಆ ಸದ್ದು ಅಷ್ಟು ದೊಡ್ಡದೆಂದು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಅಕ್ಕಾರ ಜ್ಯೂಸಿನ ಲೋಟ ಕೆಳಗಿಟ್ಟರು. “ಛೆ, ಟೀಚರ್ ಹೇಳಿದ ಹಾಗೆ ನಾನು ಮಾಡುವುದಿಲ್ಲ ಮಗಳೇ. ಆದರೆ ಭಾನುವಾರ ನೀನು ನನ್ನ ಜೊತೆ ಬರಬೇಕು. ನಿನ್ನ ಹೆಸರಿಗೆ ಮಾಡಿಕೋ. ಬಾಕಿ ಅರ್ಧ ನಿನ್ನದು, ಅರ್ಧ ನನ್ನದು. ನನಗೆ ರೋಸ್‌ಗೆ ಹೋಗಬೇಕು.”

“ಅರ್ಧ ಯಾಕೆ ಬಾಯಿ?” ಎಂದಳು ನರ್ಸು, ತಗ್ಗಿದ ದನಿಯಲ್ಲಿ. “ನೀವು ಇಲ್ಲಿ ಇರಲೇ ಇಲ್ಲವಲ್ಲ.”

“ಮತ್ತೆ ಇಷ್ಟು ಹೊತ್ತು ಅದನ್ನೇ ಅಲ್ಲವಾ ನಾನು ಬಡಕೊಂಡದ್ದು!”

ಮಲಗಿದ್ದ ಅತ್ತೆಯೂ ನಕ್ಕರು. ಕೊನೆಗೆ ಮುಕ್ಕಾಲು ಪಾಲು ನರ್ಸಿನದೆಂದೂ, ಕಾಲು ಪಾಲು ಅಕ್ಕಾರದೆಂದೂ ತೀರ್ಮಾನವಾಯಿತು. ಯಾವ ತತ್ತ್ವದ ಮೇಲೆ ಎಂದು ನಾನು ಕೇಳುವಷ್ಟರಲ್ಲಿ ಇಬ್ಬರೂ ಮತ್ತೆ ಮದುವೆಯ ಸೀರೆಯ ಮಾತಿಗೆ ಹೋಗಿದ್ದರು.

ಭಾನುವಾರ ನಾನು ಶಾಲೆಯಿಂದ ಅರ್ಧ ದಿನ ರಜೆ ಪಡೆದು ಅವರಿಬ್ಬರೊಂದಿಗೆ ಕರೆಂಟಿನ ಕಚೇರಿಗೆ ಹೋದೆ. ಬೆಳಗ್ಗೆಯಿಂದ ಅಕ್ಕಾರ ಏನನ್ನೂ ತಿಂದಿರಲಿಲ್ಲ. ದೇಶ ಬಿಟ್ಟು ಹೋಗಲು ತಡೆಯಿದೆಯೇ ಎಂದು ವಿಚಾರಿಸಲು ಹೋದವರನ್ನು ಅಲ್ಲಿಯೇ ಕೂರಿಸಿಕೊಳ್ಳುತ್ತಾರೆಂದು ಹೋಟೆಲಿನಲ್ಲಿ ಯಾರೋ ಹೇಳಿದ್ದರಂತೆ. ಕೌಂಟರಿನ ಹಿಂದೆ ಕುಳಿತಿದ್ದ ಸ್ಥಳೀಯ ಯುವತಿ ಗುರುತಿನ ಚೀಟಿ ತೆಗೆದುಕೊಂಡಳು, ಹಣ ಕಟ್ಟಿಸಿಕೊಂಡಳು, ಹಳೆಯ ಹೆಸರು ತೆಗೆದು ಹೊಸ ಹೆಸರು ಸೇರಿಸಿದಳು. ಅಕ್ಕಾರ ತಡವರಿಸುತ್ತಲೇ ಕೇಳಿದರು, ಮಗಳ ಮದುವೆ, ಬುಧವಾರ ಹೋಗಬಹುದೇ ಎಂದು.

ಯುವತಿ ಪರದೆ ನೋಡಿ, “ಮಾಫಿ ಮುಷ್ಕಿಲ್, ಮಾಮಾ. ಮಬ್ರೂಕ್,” ಎಂದಳು. ತೊಂದರೆಯಿಲ್ಲ ಅಮ್ಮಾ, ಶುಭವಾಗಲಿ.

ನನಗೆ ಅದು ಸಾಲಲಿಲ್ಲ. ಬಾಕಿ ಕಟ್ಟುವ ಮೊದಲು ತಡೆಯಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಈಗ ಬಾಕಿಯಿಲ್ಲ ಎಂದಳು. ಈಗಿನದಲ್ಲ, ನಿನ್ನೆಯದು ಎಂದೆ. ಅವಳು ನಗುತ್ತಲೇ ಮುಂದಿನವರ ಟೋಕನ್ ಒತ್ತಿದಳು. ಅಕ್ಕಾರ ನನ್ನ ತೋಳು ಹಿಡಿದು ಎಳೆದರು. “ಯಲ್ಲಾ ಟೀಚರ್, ನಡೀರಿ. ಕೇಳಿ ಕೇಳಿ ಇನ್ನೊಂದು ಬಾಕಿ ಹುಟ್ಟಿಸ್ತೀರಿ.”

ಬುಧವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ಕಚೇರಿಯ ಮಾತನ್ನು ನಂಬಿದ್ದರೂ ಫೋನು ಕೈಯಲ್ಲೇ ಹಿಡಿದು ಕಾದೆ. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತೆಂದು ಅವರ ಸಂದೇಶ ಬಂದ ಮೇಲೆಯೇ ಚಹಾಕ್ಕೆ ನೀರಿಟ್ಟೆ. ಆದರೆ ನನ್ನ ಪ್ರಶ್ನೆ ಹಾಗೆಯೇ ಇತ್ತು: ಹೆಸರೊಂದೇ ಒಬ್ಬ ತಾಯಿಯನ್ನು ತಡೆಯಬಲ್ಲದಾಗಿತ್ತೇ, ಇಲ್ಲವೇ ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡ ಭಯ ಮಾತ್ರವೇ ಅದು? ದುಬೈಯ ಕನ್ನಡಿಗರ ಸಂಘದ ಸಭೆಯೊಂದರಲ್ಲಿ ಈ ವಾಡಿಕೆಯ ಕುರಿತು ಮಾತನಾಡಬೇಕೆಂದು ಅಷ್ಟರಲ್ಲೇ ನಿರ್ಧರಿಸಿದ್ದೆ. ಅದಕ್ಕೆ ಉತ್ತರ ಬೇಕಿತ್ತು. ಆ ಶನಿವಾರ ಸಂಜೆ ತಡೆಯಲಾರದೆ ಊರಿಗೆ ಫೋನು ಮಾಡಿದೆ. ಹಿಂದೆ ಹಾಡು, ಚಪ್ಪಾಳೆ, ಯಾರೋ ಕಿರುಚಿ ನಗುವ ಸದ್ದು.

“ಅಕ್ಕಾರ, ಒಂದು ಕೇಳೋದಿತ್ತು. ಏರ್‌ಪೋರ್ಟಿನಾಗ ಆ ಆಫೀಸರ್ ನಿಮ್ಮ ಪಾಸ್‌ಪೋರ್ಟ್ ನೋಡಿ, ಕಂಪ್ಯೂಟರ್ ಕಡೆ ಭಾಳ ಹೊತ್ತು ನೋಡಿದ್ನೇನು?”

“ಎಂತ ಕೇಳ್ತೀರಿ ಟೀಚರ್! ಇಲ್ಲಿ ಹುಡುಗಿಯ ಕಣ್ಣಿಗೆಲ್ಲ ತೆಂಗಿನ ಹಾಲು ಹೋಗಿದೆ. ನನ್ನ ಕೈಯೆಲ್ಲ ಜಾರ್ತಾ ಉಂಟು. ಇಡಿ ಫೋನು!”