ಹಾಡುವ ಪೆಟ್ಟಿಗೆಯ ಉಡಿದಾರ

ನನ್ನ ತಮ್ಮ ಹಾಡುವ ಪೆಟ್ಟಿಗೆಗಳಿಗೆ ಬೆಲ್ಟು ಮಾಡುತ್ತಿದ್ದ. ಮೇಣದ ಉರುಳೆ ತಿರುಗಿಸುವ, ಅಜ್ಜಂದಿರ ಕಾಲದ ಫೋನೋಗ್ರಾಫುಗಳು. ಸಾಗರದ ಹೋಟೆಲುಗಳಲ್ಲಿ ರೇಡಿಯೋ ಕಿರುಚುತ್ತಿದ್ದ ಆ ಅರವತ್ತರ ದಶಕದಲ್ಲೂ ಅವನ್ನು ಜಗಲಿಯಲ್ಲಿಟ್ಟು ಮೆರೆಯುವವರು ಹೊಸನಗರ, ತೀರ್ಥಹಳ್ಳಿ ಕಡೆ ನಾಲ್ಕಾರು ಮಂದಿ ಉಳಿದಿದ್ದರು. ಸ್ಪ್ರಿಂಗಿನಿಂದ ಉರುಳೆಗೆ ಓಟ ಕೊಡುವ ಚರ್ಮದ ಪಟ್ಟಿ ಹರಿದರೆ ಪೆಟ್ಟಿಗೆ ಮೂಕ. ಆ ಪಟ್ಟಿಗೆ ನಾನಿಟ್ಟ ಹೆಸರು ಉಡಿದಾರ.

"ಗಂಡಸಾಗಿ ಹುಟ್ಟಿ ಪೆಟ್ಟಿಗೆಗೆ ಉಡಿದಾರ ಕಟ್ತೀಯಲ್ಲೋ ಮಾರಾಯ."

"ಉಡಿದಾರ ಇಲ್ದೆ ಲಂಗೋಟಿ ನಿಲ್ತದೇನೆ ಅಕ್ಕ?" ಎಂದು ನಗುತ್ತಿದ್ದ.

ಆ ನಗು ಕಂಡರೆ ನನಗೆ ಉರಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಗಂಡನ ಮನೆಯನ್ನೂ ಬಿಟ್ಟು ಬಂದವಳು. ಹೀಯಾಳಿಸುವುದೊಂದು ಚೆನ್ನಾಗಿ ಬರುತ್ತಿತ್ತು.

ನಾವು ಗೇಣಿಗೆ ಗದ್ದೆ ಮಾಡುತ್ತಿದ್ದ ಒಡೆಯರು, ಮನೆಯಲ್ಲಿ ಮೂಕವಾಗಿ ಕೂತಿದ್ದ ಪೆಟ್ಟಿಗೆಯನ್ನು ಮಗನ ಮುಂಜಿಗೆ ಹಾಡಿಸಿದರೆ ಸಾಗರ ಪೇಟೆಯಲ್ಲಿ ನನ್ನ ತಮ್ಮನಿಗೊಂದು ಅಂಗಡಿಕೋಣೆ ಕೊಡುವುದಾಗಿ ಹೇಳಿದ್ದರು. ಅವನು ರಿಪ್ಪನ್‌ಪೇಟೆಯಿಂದ ಆಡಿನ ಚರ್ಮ ತಂದು, ಪಟ್ಟಿ ಸೀಳಿ, ನೆನೆಸಿ, ತೊಲೆಗೆ ನೇತುಹಾಕಿ, ತುದಿಗೆ ನಮ್ಮ ಮಸಾಲೆ ಅರೆಯುವ ಗುಂಡುಕಲ್ಲನ್ನು ಕಟ್ಟಿದ.

"ಒಣಗೋ ತನಕ ಹಿಂಗೇ ತೂಗ್ಲಿ ಅಕ್ಕ. ಈಗ್ಲೇ ಎಳ್ಕೊಂಡ್ರೆ ಆಮೇಲೆ ಸಡಿಲಾಗಲ್ಲ" ಎಂದು ಹೇಳಿ, ಇನ್ಯಾರದೋ ಪೆಟ್ಟಿಗೆ ನೋಡಲು ತೀರ್ಥಹಳ್ಳಿಗೆ ಹೋದ.

ತಿನ್ನುವುದನ್ನು ಅರೆಯುವ ಕಲ್ಲಿಗೆ ಚರ್ಮದ ನಂಟು! ಅವನು ಬಸ್ಸು ಹತ್ತುವುದರೊಳಗೆ ಬಿಚ್ಚಿ, ಬೂದಿಯಲ್ಲಿ ತಿಕ್ಕಿ ತೊಳೆದು ಸಾರಿಗೆ ಅರೆದೆ. ಪಟ್ಟಿ ಭಾರವಿಲ್ಲದೆ ಸುಮ್ಮನೆ ಒಣಗಿತು. ಅವನು ಬರುವ ದಿನ ಕಲ್ಲನ್ನು ಮತ್ತೆ ಕಟ್ಟಿಟ್ಟೆ.

"ಗುಂಡು ಬಿಚ್ಚಿಲ್ಲ ತಾನೆ?"

"ನಿನ್ ಉಡಿದಾರ ಬಿಚ್ಚೋದೇ ಕೆಲ್ಸನಾ ನಂಗೆ?"

ನಂಬಿದ. ತುದಿಗಳನ್ನು ಓರೆಯಾಗಿ ಕೆತ್ತಿ ಅಂಟಿಸಿ, ಪೆಟ್ಟಿಗೆಗೆ ಹಾಕಿದ. ಮುಂಜಿಮನೆಯಲ್ಲಿ ಮೊದಲ ಹಾಡು ಚೆನ್ನಾಗಿಯೇ ಎದ್ದಿತು. ಎರಡನೆಯದಕ್ಕೆ ಬೆಲ್ಟು ಹಿಗ್ಗಿ ಜಾರತೊಡಗಿತು. ಹೆಂಗಸಿನ ದನಿ ಇಳಿದಿಳಿದು ಗಂಡಸಿನದಾಗಿ, ಕಡೆಗೆ ಗೊರಕೆಯಾಯಿತು.

"ಎಂತದೋ ಇದು, ಹಾಡ್ತಾ ಇದ್ಯಾ, ಎಮ್ಮೆ ಕೂಗ್ತಾ ಇದ್ಯಾ?" ಎಂದರು ಒಡೆಯರು. ಹೋಳಿಗೆ ತುಂಬಿದ ಬಾಯಿಗಳೆಲ್ಲ ನಕ್ಕವು. ಅಂಗಳದಲ್ಲಿ ಊಟದ ಸರದಿ ಕಾಯುತ್ತಿದ್ದ ನಾನೂ ನಕ್ಕೆ, ಎಲ್ಲರಿಗಿಂತ ಗಟ್ಟಿಯಾಗಿ.

ಕೋಣೆ ಬೀಡಿ ಮಾರುವವನಿಗೆ ಹೋಯಿತು. ಪೆದ್ದ ತಮ್ಮ ನನ್ನ ಮೇಲೆ ಅನುಮಾನಪಡಲಿಲ್ಲ. ಮೊದಲು ಆಡಿನ ಚರ್ಮದ ಮೇಲೆ ಪಟ್ಟ, ಆಮೇಲೆ ಅಂಟಿನ ಮೇಲೆ, ಕೊನೆಗೆ ತನ್ನ ಕೈಯ ಮೇಲೆ.

"ನಂಗೆ ಚರ್ಮದ ಹದ ಗೊತ್ತಾಗಲ್ಲ ಅಕ್ಕ" ಎಂದ ಒಂದು ದಿನ.

ಗುಂಡು ಬಿಚ್ಚಿದ್ದು ನಾನೇ ಕಣೋ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ.

"ಈಗಾದ್ರೂ ತಿಳೀತಲ್ಲ" ಎಂದೆ.

ಮರುವಾರ ಅವನು ತಾಳಗುಪ್ಪದ ಸ್ಟೇಷನ್ನಿನಲ್ಲಿ ಮೂಟೆ ಹೊರಲು ಸೇರಿದ.